ಡಬ್ಬಿಯ ಹಿಂದಿನ ಗಾಳಿ

ಕೆಮ್ಮು ಹತ್ತಿದವನು ವಾದಕ್ಕೆ ಇಳಿಯಬಾರದು. "ಆದರೆ" ಎಂದು ಬಾಯಿ ತೆರೆಯುತ್ತೇನೆ, ಎದೆಯೊಳಗೆ ಏನೋ ಕೆರೆಯುತ್ತದೆ, ಕೆಮ್ಮಿ ಮುಗಿಸುವಷ್ಟರಲ್ಲಿ ಎದುರಿನವರು ಎದ್ದು ಹೋಗಿರುತ್ತಾರೆ, ಇಲ್ಲವೆ ಕಷಾಯದ ಲೋಟ ಹಿಡಿದು ನಿಂತಿರುತ್ತಾರೆ. ತೊಂಬತ್ತರ ದಶಕದ ಆರಂಭದ ಆ ಒಂದು ಚಳಿಗಾಲದಲ್ಲಿ ನಾನು ಸೋತ ವಾದಗಳೆಲ್ಲ ಹೀಗೇ ಸೋತವು. ತರ್ಕದಲ್ಲಿ ಸೋತಿದ್ದರೆ ಒಪ್ಪಿಕೊಳ್ಳಬಹುದಿತ್ತು. ಸೋತದ್ದು ಉಸಿರಿನಲ್ಲಿ.

ಆಗ ದಿಗ್ಗೇವಾಡಿಯಿಂದ ಬಸ್ಸು ಹಿಡಿದು ಚಿಕ್ಕೋಡಿಗೆ ಪಿಯುಸಿ ಓದಲು ಹೋಗುತ್ತಿದ್ದೆ. ಕಾಲೇಜಿನ ಚರ್ಚಾಸ್ಪರ್ಧೆಯ ತಂಡದಲ್ಲಿ ನನ್ನ ಹೆಸರು ಮೊದಲು. ಚರ್ಚೆಯ ನಿಯಮ ಸರಳ. ವೇದಿಕೆ ಹತ್ತುವ ಮೊದಲು ಚೀಟಿ ಎತ್ತಬೇಕು. ಪರ ಎಂದು ಬಂದರೆ ಪರ, ವಿರೋಧ ಎಂದು ಬಂದರೆ ವಿರೋಧ. ನಿನಗೇನು ಅನಿಸುತ್ತದೆ ಎಂದು ಯಾರೂ ಕೇಳುವುದಿಲ್ಲ. ಈ ಅಭ್ಯಾಸ ಮೈಗೆ ಹತ್ತಿದವನು ಊಟಕ್ಕೆ ಕೂತಾಗಲೂ ಪುರಾವೆ ಕೇಳುತ್ತಾನೆ. ಮನೆಯಲ್ಲಿ ನನ್ನನ್ನು ಸಹಿಸಿಕೊಂಡಿದ್ದರು ಎಂದಷ್ಟೇ ಹೇಳಬಹುದು.

ಸಂಜೆ ಹೊತ್ತು ಮಾತ್ರ ನಾನು ವಾದ ಮಾಡುತ್ತಿರಲಿಲ್ಲ. ಸಂಜೆ ಸೈಕಲ್ಲು.

ನನಗೊಬ್ಬ ಜೋಡಿ ಇದ್ದ. ಊರ ಹೊರಗೆ, ಹೊಳೆಯ ಮಗ್ಗುಲಿಗೆ ಅವರ ಮನೆ. ಅವನ ಅಪ್ಪ ದೀಪಾವಳಿ ಮುಗಿಸಿ ಕುರಿ ಹೊಡೆದುಕೊಂಡು ಹೋದರೆ ಮತ್ತೆ ಊರಿಗೆ ಬರುವುದು ಮಳೆಗಾಲಕ್ಕೆ. ಅವ್ವ ಮನೆಯಲ್ಲಿದ್ದು ಎಮ್ಮೆ ನೋಡಿಕೊಳ್ಳುತ್ತಿದ್ದಳು. ಹತ್ತನೆಯ ಇಯತ್ತೆಗೇ ಶಾಲೆ ಬಿಟ್ಟಿದ್ದ ಅವನು ದಿನಾ ಬೆಳಿಗ್ಗೆ ಕ್ಯಾರಿಯರಿನ ಎರಡೂ ಬದಿಗೆ ಹಾಲಿನ ಕ್ಯಾನು ಕಟ್ಟಿಕೊಂಡು ಅಂಕಲಿಯ ಡೈರಿಗೆ ಹೋಗುತ್ತಿದ್ದ. ಸಂಜೆ ಅದೇ ಸೈಕಲ್ಲಿನ ಕ್ಯಾರಿಯರು, ಮಡ್‌ಗಾರ್ಡು, ಸ್ಟ್ಯಾಂಡು ಎಲ್ಲ ಬಿಚ್ಚಿ ಗೋಡೆಗೆ ಆನಿಸಿಟ್ಟು ಸೀಟು ಎತ್ತರಿಸಿದರೆ ಅದು ರೇಸಿನ ಸೈಕಲ್ಲು. ಮರುದಿನ ನಸುಕಿಗೆ ಎಲ್ಲ ಮತ್ತೆ ಜೋಡಿಸಬೇಕು. ಅವನು ಬೇಸರಪಟ್ಟದ್ದನ್ನು ನಾನು ನೋಡಿಲ್ಲ. ಮಾತೂ ಕಡಿಮೆ. ಮುಂದೆ ಅವನ ಗಾಲಿ, ಅದಕ್ಕೆ ಅಂಟಿಕೊಂಡು ನನ್ನ ಗಾಲಿ, ಅಂಕಲಿ ದಾಟಿ ಕೃಷ್ಣೆಯ ಸೇತುವೆವರೆಗೆ ಹೋಗಿ ತಿರುಗಿ ಬರುವುದು. ಎರಡು ವರ್ಷ ಹಾಗೆ ನಡೆದಿತ್ತು.

ಜೋಡಿ ಎಂದೆನಲ್ಲ, ಅದನ್ನು ಬಿಡಿಸಿ ಹೇಳಬೇಕು. ನಮ್ಮ ಕಡೆ ಶರ್ಯತ್ತು, ಅಂದರೆ ಪಂದ್ಯದ ಓಟ, ಮೊದಲಿನಿಂದ ಎತ್ತಿನ ಗಾಡಿಯದು. ಸೈಕಲ್ ಶರ್ಯತ್ತು ಆಮೇಲೆ ಬಂದದ್ದು, ಆದರೆ ನಡೆಸುವ ಕಮಿಟಿ ಎತ್ತಿನವರದೇ. ಅವರಿಗೆ ಗೊತ್ತಿದ್ದ ನಿಯಮ ಒಂದೇ, ಅದನ್ನೇ ತಂದು ಸೈಕಲ್ಲಿಗೂ ಹಾಕಿದರು. ಎತ್ತು ಒಂಟಿಯಾಗಿ ಓಡುವುದಿಲ್ಲ, ಆದ್ದರಿಂದ ಸೈಕಲ್ಲೂ ಒಂಟಿಯಾಗಿ ಓಡುವ ಹಾಗಿಲ್ಲ. ಇಬ್ಬರು ಒಂದು ಜೋಡಿ. ಮೊದಲನೆಯವನು ಗೆರೆ ದಾಟಿದರೆ ಲೆಕ್ಕವಿಲ್ಲ, ಹಿಂದಿನವನ ಗಾಲಿ ದಾಟಿದಾಗ ಆ ಜೋಡಿ ಮುಟ್ಟಿದ ಹಾಗೆ. ನಮ್ಮ ಕಾಕಾ, ಅಪ್ಪನ ತಮ್ಮ, ಓಟದ ಎತ್ತು ಕಟ್ಟಿದವನು, ಕಮಿಟಿಯಲ್ಲಿದ್ದ. ಸೈಕಲ್ಲಿಗೆ ನೊಗ ಎಲ್ಲಿದೆ ಎಂದು ನಾನು ಅವನನ್ನು ಹಿಡಿದುಕೊಂಡೆ. ಜಗತ್ತಿನಲ್ಲಿ ಎಲ್ಲೂ ಇಲ್ಲದ ನಿಯಮವನ್ನು ಯಾವ ಆಧಾರದ ಮೇಲೆ ಮಾಡಿದಿರಿ ಎಂದೆ.

"ಕಮಿಟಿಗೆ ಕೇಳಪಾ," ಅಂದ ಕಾಕಾ. "ಕಮಿಟಿಯೊಳಗ ಯಾರದಾರ?"

"ನೀನ ಅದಿ."

"ಹಂಗಾರ ಕೇಳಿದಿ, ಹೇಳೇನಿ. ಮುಗೀತಲ್ಲ."

ಆ ವರ್ಷ ಸಂಕ್ರಾಂತಿ ಕಳೆದ ಮೇಲೆ ರಾಯಬಾಗದಿಂದ ಅಂಕಲಿಗೆ ಹೋಗಿ ಮರಳುವ ಓಟ. ಕ್ರೀಡಾ ವಸತಿನಿಲಯದ ತರಬೇತುದಾರರು ನೋಡಲು ಬರುತ್ತಾರೆ, ಮೊದಲೆರಡು ಜೋಡಿಗಳಲ್ಲಿ ವಯಸ್ಸು ಸರಿಹೊಂದುವವರನ್ನು ಆರಿಸಿಕೊಳ್ಳುತ್ತಾರೆ ಎಂಬ ಸುದ್ದಿ ತಂದವನೂ ಕಾಕಾನೇ. ಅಲ್ಲಿ ಸೇರಿದರೆ ಶಾಲೆಗೆ ಮತ್ತೆ ಹಾಕುತ್ತಾರೆ, ಹೊತ್ತಿಗೆ ಸರಿಯಾಗಿ ಊಟ, ತತ್ತಿ, ಕೂತು ಓಡಿಸಲು ನಿಜವಾದ ಹಗುರ ಸೈಕಲ್ಲು. ಮುಂದಿನ ವರ್ಷಕ್ಕೆ ನನ್ನ ಜೋಡಿಯ ವಯಸ್ಸು ಮೀರುತ್ತಿತ್ತು. ನನ್ನದು ಆಗಲೇ ಮೀರಿತ್ತು. ಗೆದ್ದರೆ ನನಗೆ ಒಂದು ಶಾಲು, ಒಂದು ಸ್ಟೀಲಿನ ಕೊಡ. ಅವನಿಗೆ ಬೇರೆಯೇ ಒಂದು ದಾರಿ. ಆದರೆ ಲೆಕ್ಕಕ್ಕೆ ಬರುವುದು ಹಿಂದಿನ ಗಾಲಿ, ಹಿಂದಿನ ಗಾಲಿ ನನ್ನದು.

ಅಂಥದ್ದರಲ್ಲಿ ನೆಗಡಿ ಬಂತು. ನಿಪ್ಪಾಣಿಯಲ್ಲಿ ಚರ್ಚೆ ಇತ್ತು, ವಿಜ್ಞಾನ ವರವೋ ಶಾಪವೋ. ಚೀಟಿಯಲ್ಲಿ ನನಗೆ ಶಾಪ ಬಂದಿತ್ತು. ಬಸ್‌ಸ್ಟ್ಯಾಂಡಿನಲ್ಲಿ ಇಳಿದಾಗಿನಿಂದ ಸೀನು. ಆ ಊರಿನ ತಂಬಾಕಿನ ಘಾಟಿಗೆ ಯಾರಾದರೂ ಸೀನುತ್ತಾರೆ ಎಂದುಕೊಂಡೆ. ವಿಜ್ಞಾನವನ್ನು ಸೀನುತ್ತಲೇ ಶಪಿಸಿ, ಬಹುಮಾನದ ಪೆನ್ನು ಜೇಬಿಗೆ ಸಿಕ್ಕಿಸಿಕೊಂಡು ಮನೆಗೆ ಬರುವಷ್ಟರಲ್ಲಿ ಮೈ ಕಾದಿತ್ತು. ಆಮೇಲೆ ನೆಗಡಿ ಮೂಗು ಬಿಟ್ಟು ಎದೆಗೆ ಇಳಿಯಿತು. ಮಲಗಿದರೆ ಗೊರಗೊರ, ಎದ್ದರೆ ಕೆಮ್ಮು. ಎದೆಯೊಳಗೆ ಯಾರೋ ಒದ್ದೆ ಗೋಣಿಚೀಲ ಹಾಸಿ ಹೋದಂತೆ.

ಅಂಕಲಿಯ ಡಾಕ್ಟರರ ಹತ್ತಿರ ಅವ್ವ ಕರೆದುಕೊಂಡು ಹೋದಳು. ಅವರು ಬೆನ್ನಿಗೆ ಕೊಳವೆ ಇಟ್ಟು ಕೇಳಿ, ವೈರಸ್ಸು, ತಾನಾಗೇ ಹೋಗುತ್ತದೆ ಎಂದು ಹೇಳಿ ಇಂಜೆಕ್ಷನ್ ತುಂಬತೊಡಗಿದರು.

"ತಾನ ಹೋಗೂದಿದ್ರ ಇಂಜೆಕ್ಷನ್ ಯಾಕ್ರಿ?" ಅಂದೆ.

"ಹೊರಗ ನಿಮ್ಮ ಅವ್ವಾರು ಕುಂತಾರಲ್ಲ," ಅಂದರು ಡಾಕ್ಟರು, ಸೂಜಿಯ ತುದಿ ನೋಡುತ್ತಾ. "ಅವರ ಸಲುವಾಗಿ."

ಸೈಕಲ್ಲು ಯಾವಾಗ ಹೊಡೆಯಬಹುದು ಎಂದು ಕೇಳಿದ್ದಕ್ಕೆ ಇನ್ನಷ್ಟು ದಿನ ಬಿಡು ಎಂದರು. ಇನ್ನಷ್ಟು ಎಂದರೆ ಎಷ್ಟು ಎಂದು ಕೇಳಬೇಕೆನ್ನುವಷ್ಟರಲ್ಲಿ ಕೆಮ್ಮು ಬಂತು.

ಮನೆಯಲ್ಲಿ ಮೊಸರು ಬಂದ್, ಬಾಳೆಹಣ್ಣು ಬಂದ್, ತಲೆಗೆ ನೀರು ಬಂದ್. ಹಿತ್ತಲಿಗೆ ಹೊಂದಿಕೊಂಡೇ ಕಬ್ಬಿನ ಹೊಲ, ಒಂದು ಗಣಿಕೆ ಮುರಿದು ಬಾಯಿಗೆ ಇಡುವ ಹಾಗಿಲ್ಲ. ಇಷ್ಟರಲ್ಲಿ ಯಾವುದು ನಿಜವಾಗಿ ಕಫ ಮಾಡುತ್ತದೆ, ಒಂದೊಂದನ್ನೇ ತಿಂದು ಪರೀಕ್ಷೆ ಮಾಡೋಣ ಎಂದು ನಾನು ಸೂಚಿಸಿದೆ. ಅವ್ವ ಮೆಣಸು ಶುಂಠಿ ಕುದಿಸಿದ ಲೋಟ ಮುಂದಿಟ್ಟು, "ಕಾಲೇಜಿನ್ಯಾಗ ಗೆದ್ದು ಬಾ. ಇಲ್ಲಿ ಕುಡಿ," ಅಂದಳು. ಕಾಕಾ ದಿನಾ ಸಂಜೆ ಬಾಗಿಲಲ್ಲಿ ನಿಂತು ನನ್ನ ಮೂಗು ನೋಡಿ ಹೋಗುತ್ತಿದ್ದ. ಎತ್ತಿಗೆ ಥಂಡಿಯಾದರೆ ಅವನು ನೋಡುವುದು ಮೂಗನ್ನೇ. ತನ್ನ ಮೂಗು ತಾನೇ ನೆಕ್ಕಿಕೊಳ್ಳುವವರೆಗೆ ಎತ್ತಿಗೆ ನೊಗ ಹೂಡಬಾರದಂತೆ. ಈ ಪರೀಕ್ಷೆಯಲ್ಲಿ ನಾನು ಜನ್ಮದಲ್ಲಿ ಪಾಸಾಗುವುದಿಲ್ಲ ಎಂದು ಅವನಿಗೆ ಹೇಳಿದೆ. ಅವನು ಅದನ್ನು ಚೇಷ್ಟೆ ಎಂದು ತೆಗೆದುಕೊಳ್ಳಲಿಲ್ಲ, ತಲೆಯಾಡಿಸಿ ಹೋದ.

ಜ್ವರ ಇಳಿದ ಮೇಲೆ ಉಳಿದದ್ದು ದಣಿವು. ಅದರ ಬಗ್ಗೆ ಯಾರೂ ಎಚ್ಚರಿಸಿರಲಿಲ್ಲ. ಬಾವಿಯಿಂದ ಒಂದು ಕೊಡ ನೀರು ಸೇದಿ ಕಟ್ಟೆಯ ಮೇಲೆ ಕೂತುಬಿಡುತ್ತಿದ್ದೆ. ಅಂಗಿಯ ಗುಂಡಿ ಹಾಕುತ್ತಾ ಹಾಕುತ್ತಾ, ಉಳಿದದ್ದು ಆಮೇಲೆ ಹಾಕೋಣ ಅನಿಸುತ್ತಿತ್ತು. ನಿದ್ದೆ ಮಾಡಿ ಎದ್ದರೂ ನಿದ್ದೆ ಬೇಕು. ಇದು ಸೋಮಾರಿತನವೋ ರೋಗವೋ ಎಂದು ನಾನೇ ಎರಡೂ ಕಡೆಯಿಂದ ವಾದಿಸಿ ನೋಡಿದೆ. ಸೋಮಾರಿತನದ ಪಕ್ಷ ಗೆದ್ದಿತು. ಗೆದ್ದದ್ದರಿಂದ ಎದ್ದು ಸೈಕಲ್ಲು ಹೊರಗೆ ತೆಗೆದೆ.

ಮೊದಲ ದಿನ ಬಸ್‌ಸ್ಟ್ಯಾಂಡಿನವರೆಗೆ ಹೋಗಿ ಬಂದೆ, ಅಷ್ಟೇ. ಅಷ್ಟಕ್ಕೇ ಬಾಯಲ್ಲಿ ಕಬ್ಬಿಣದ ರುಚಿ. ಕಾಲಿಗೆ ಏನೂ ಆಗಿರಲಿಲ್ಲ, ಕಾಲು ತುಳಿಯಲು ತಯಾರಿತ್ತು. ಆದರೆ ದಮ್ಮು, ಅಂದರೆ ಎದೆಯಲ್ಲಿ ಹಿಡಿದಿಟ್ಟು ಖರ್ಚು ಮಾಡುವ ಉಸಿರು, ಅರ್ಧ ದಾರಿಗೇ ತೀರಿಹೋಗುತ್ತಿತ್ತು. ಜೋಡಿ ಜತೆಗೆ ಬಂದಿದ್ದ. ನಾನು ಕೆಮ್ಮುವಾಗ ಅವನು ತನ್ನ ಚೈನು ಸರಿಯಾಗಿದೆಯೇ ಎಂದು ಬಗ್ಗಿ ನೋಡುತ್ತಿದ್ದ.

ಅದಾಗಿ ಕೆಲವು ದಿನಕ್ಕೆ ನನಗೆ ಡಬ್ಬಿ ಸಿಕ್ಕಿತು. ಕಬ್ಬು ಸಾಗಿಸುವ ಟ್ರ್ಯಾಕ್ಟರಿನ ಟ್ರೇಲರಿಗೆ ನಮ್ಮ ಕಡೆ ಡಬ್ಬಿ ಎನ್ನುತ್ತಾರೆ. ಹಂಗಾಮಿನಲ್ಲಿ ತುಂಬಿದ ಡಬ್ಬಿಗಳು ಪಶ್ಚಿಮಕ್ಕೆ ಫ್ಯಾಕ್ಟರಿಯ ಕಡೆ ಹೋಗುತ್ತವೆ, ಖಾಲಿ ಡಬ್ಬಿಗಳು ಸಂಜೆ ಹೊತ್ತಿಗೆ ಧಡಧಡ ಸದ್ದು ಮಾಡುತ್ತಾ ಪೂರ್ವಕ್ಕೆ ಮರಳುತ್ತವೆ. ಒಂದರ ಹಿಂದೆ ಒಂದು ಕಟ್ಟಿದ ಎರಡು ಡಬ್ಬಿ, ಹಿಂದಿನದರ ಹಲಗೆ ನೆತ್ತಿಗಿಂತ ಎತ್ತರ. ಆ ಹಲಗೆಗೆ ಮೊಳ ದೂರದಲ್ಲಿ ಗಾಲಿ ಇಟ್ಟುಕೊಂಡು ಅದರ ವೇಗದಲ್ಲೇ ತುಳಿಯುವುದು. ಸೈಕಲ್ಲಿನವರೆಲ್ಲ ಮಾಡುತ್ತಿದ್ದರು. ಡಬ್ಬಿ ಹಿಡಿಯುವುದು ಎಂದೇ ಅದಕ್ಕೆ ಹೆಸರು. ಹಗ್ಗ ಹಿಡಿಯುವುದಲ್ಲ, ಕೈ ತಾಗಿಸುವುದೂ ಅಲ್ಲ, ತುಳಿಯುವುದು ನಾವೇ, ಆದ್ದರಿಂದ ಮೋಸವಲ್ಲ ಎಂಬುದು ಎಲ್ಲರ ತೀರ್ಪು.

ಜೋಡಿಯನ್ನು ಮಗ್ಗುಲಿಗೆ ಇಟ್ಟುಕೊಂಡು ಡಬ್ಬಿಯ ಹಿಂದೆ ನಾನು ಹಾರಿದೆ. ಅದಕ್ಕೆ ಬೇರೆ ಮಾತಿಲ್ಲ. ಮುಖಕ್ಕೆ ಗಾಳಿಯಿಲ್ಲ, ಎದೆ ಹಗುರ, ಕಾಲು ತಾನಾಗಿ ತಿರುಗುತ್ತಿತ್ತು. ಕಬ್ಬಿನ ರವದಿಯ, ಅಂದರೆ ಒಣಗಿದ ಗರಿಯ ಧೂಳು, ಡೀಸೆಲ್ ಹೊಗೆ ಮೂಗಿಗೆ ಬಡಿಯುತ್ತಿತ್ತು ನಿಜ, ಕೆಮ್ಮಿ ಉಗುಳಿ ಮತ್ತೆ ತುಳಿಯುತ್ತಿದ್ದೆ. ಡಬ್ಬಿಯ ಮೇಲೆ ಕೂತ ಕಬ್ಬು ಕಡಿಯುವ ಗ್ಯಾಂಗಿನವರು ಮರಾಠಿಯಲ್ಲಿ ಚುಡಾಯಿಸುತ್ತಿದ್ದರು. "ಕಾಯ್ ಪೈಲವಾನ, ದೋರ ದೇಊ ಕಾ?" ಒಬ್ಬಳು ಕಬ್ಬು ಕಟ್ಟುವ ಹಗ್ಗ ತೋರಿಸಿ, ಇದನ್ನು ಕೊಡಲೇ ಎಂದು ಕೇಳಿದಳು. ಹಗ್ಗ ಬೇಡ ಮಾವಶಿ, ಡ್ರೈವರನಿಗೆ ಇನ್ನಷ್ಟು ಜೋರು ಹೋಗಲು ಹೇಳು ಎಂದು ನಾನೂ ಮರಾಠಿಯಲ್ಲೇ ಕೂಗಿದೆ. ಕೆಮ್ಮು ಬಾರದೆ ಪೂರ್ತಿ ಆಡಿದ ವಾಕ್ಯ ಬಹಳ ದಿನಕ್ಕೆ ಅದೊಂದೇ.

ಅಲ್ಲಿಗೆ ನನ್ನ ವಾದ ಸಿದ್ಧವಾಯಿತು. ಸೇತುವೆಗೆ ಹೋಗಿ ತಿರುಗಿ ಬಂದು, ಕಾಯಿಲೆ ಬೀಳುವ ಮೊದಲು ಬರುತ್ತಿದ್ದ ಹೊತ್ತಿಗೇ ಊರು ಮುಟ್ಟುತ್ತಿದ್ದೆ. ಸಂಜೆಯ ಬಸ್ಸು ನನ್ನ ಹಿಂದೆ ಬರುತ್ತಿತ್ತು. ಇನ್ನೇನು ಪುರಾವೆ ಬೇಕು ಎಂದು ಅವ್ವನನ್ನು ಕೇಳಿದೆ. ಅವಳು ಬಸ್ಸಿನ ಮಾತಿಗೆ ಹೋಗಲಿಲ್ಲ, ರಾತ್ರಿಯೆಲ್ಲ ಕೆಮ್ಮುತ್ತೀಯ ಎಂದಳು. ರಾತ್ರಿಯ ಕೆಮ್ಮಿಗೂ ಸಂಜೆಯ ವೇಗಕ್ಕೂ ಸಂಬಂಧವೇನು, ತೋರಿಸು ಎಂದೆ. ಜೋಡಿ ನಮ್ಮ ಪಡಸಾಲೆಯಲ್ಲಿ ಕೂತು ಚುರುಮುರಿ ತಿನ್ನುತ್ತಿದ್ದ. ಸಾಕ್ಷಿ ಹೇಳು ಎಂದು ಅವನನ್ನು ಕರೆದೆ. "ಜೋರ ಹೊಡಿತಾನ್ರಿ," ಎಂದು ಅವ್ವನಿಗೆ ಹೇಳಿ ಚುರುಮುರಿಯೊಳಗಿನ ಶೇಂಗಾ ಹುಡುಕತೊಡಗಿದ.

ಶರ್ಯತ್ತು ಹತ್ತಿರ ಬಂದಿತ್ತು. ಒಂದು ಸಂಜೆ ಸೇತುವೆಯಿಂದ ತಿರುಗಿ ಅಂಕಲಿಗೆ ಬಂದರೆ ರಸ್ತೆ ಖಾಲಿ. ಬಾಯ್ಲರು ತೊಳೆಯುವುದಕ್ಕೆ ಫ್ಯಾಕ್ಟರಿ ನಿಲ್ಲಿಸಿದ್ದಾರೆ, ಇವತ್ತು ಡಬ್ಬಿ ಇಲ್ಲ ಎಂದ ಚಹಾದಂಗಡಿಯವನು. ಇಲ್ಲದಿದ್ದರೆ ಬಿಡು ಎಂದು ಹೊರಟೆವು.

ಆ ತಿಂಗಳಲ್ಲಿ ನಮ್ಮ ಕಡೆ ಬೀಸುವುದು ಮೂಡಗಾಳಿ. ಪೂರ್ವದಿಂದ ಬರುವ ಒಣ ಚಳಿಗಾಳಿ. ಹೋಗುವಾಗ ಅದು ಬೆನ್ನಿಗೆ, ಬರುವಾಗ ಎದೆಗೆ. ಎಷ್ಟೋ ಸಂಜೆ ಅದೇ ರಸ್ತೆಯಲ್ಲಿ ಓಡಾಡಿದ್ದ ನನಗೆ ಆ ಗಾಳಿ ಇದೆ ಎಂಬುದೇ ಮರೆತುಹೋಗಿತ್ತು. ಹೋಗುವಾಗ ಅದು ತಳ್ಳುತ್ತಿತ್ತು, ಬರುವಾಗ ಡಬ್ಬಿ ಅದನ್ನು ತಡೆಯುತ್ತಿತ್ತು. ಕಾಯಿಲೆಯಿಂದ ಎದ್ದ ಮೇಲೆ ಗಾಳಿಗೆ ಎದೆ ಕೊಟ್ಟು ನಾನು ತುಳಿದೇ ಇರಲಿಲ್ಲ.

ಅಂಕಲಿಯ ಕೊನೆಯ ಮನೆ ದಾಟುತ್ತಲೇ ಅದು ಎದೆಗೆ ಕೈ ಇಟ್ಟು ನಿಲ್ಲಿಸಿತು. ಜೋಡಿ ಮುಂದೆ ಇದ್ದ, ನಾನು ಅವನ ಗಾಲಿಗೆ ಅಂಟಿಕೊಂಡಿದ್ದೆ, ಆದರೂ ಅವನ ಬೆನ್ನು ಡಬ್ಬಿಯ ಹಲಗೆಯಲ್ಲವಲ್ಲ. ಎರಡು ಗಾಲಿಗಳ ನಡುವೆ ಗೇಣು ಬಿರುಕು ಬಿತ್ತು, ಮೊಳವಾಯಿತು, ಮಾರಾಯಿತು. ಅವನು ತಿರುಗಿ ನೋಡಿ ನಿಧಾನ ಮಾಡಿದ. ಸೇರಿಕೊಂಡೆ. ಮತ್ತೆ ಬಿರುಕು. ಮತ್ತೆ ತಿರುಗಿ ನೋಡಿದ. ಆ ತಿರುಗುವಿಕೆಯಲ್ಲಿ ಅವಸರವೇ ಇರಲಿಲ್ಲ, ರೂಢಿಯಾದ ಕೆಲಸದ ಹಾಗಿತ್ತು. ಎಷ್ಟೋ ದಿನದಿಂದ ಅವನು ಹೀಗೆ ನೋಡುತ್ತಿದ್ದಾನೆ, ನಾನು ಮಾತ್ರ ಹಲಗೆ ನೋಡುತ್ತಿದ್ದೆ.

ಒಂದು ಮೋರಿಯ ಹತ್ತಿರ ಸೈಕಲ್ಲು ನೆಲಕ್ಕೆ ಒಗೆದು ಕಟ್ಟೆಯ ಮೇಲೆ ಕೂತೆ. ಕೆಮ್ಮಿದೆ, ಕಣ್ಣಲ್ಲಿ ನೀರು ಬರುವವರೆಗೆ. ಎದೆಯೊಳಗಿನ ಗೋಣಿಚೀಲ ಇದ್ದಲ್ಲೇ ಇತ್ತು. ಜೋಡಿ ಸೈಕಲ್ಲು ಆನಿಸಿ ಮಗ್ಗುಲಿಗೆ ಬಂದು ಕೂತ. ಅವನ ಬಾಯಿ ಮುಚ್ಚಿತ್ತು. ಮೂಗಿನಿಂದ ಸಾವಕಾಶ ಉಸಿರಾಡುತ್ತಿದ್ದ, ಅಂಗಡಿಗೆ ನಡೆದು ಹೋಗಿ ಬಂದವನ ಹಾಗೆ.

"ನಿನಗ ದಮ್ಮ ಹತ್ತೇ ಇಲ್ಲಲಾ," ಅಂದೆ.

"ಹತ್ತೇತಿ."

"ಸುಳ್ಳ ಹೇಳಬ್ಯಾಡ. ಜೀವ ಬಿಟ್ಟು ಕಡೀಕ ಹೊಡದಿದ್ದು ಯಾವಾಗ?"

ಅವನು ಬಗ್ಗಿ ಮೋರಿಯ ಕೆಳಗಿನ ಒಣಗಿದ ಆಪಿನ ಹುಲ್ಲು ನೋಡಿದ. ಆಮೇಲೆ, "ನೀ ಮಲಗಿದ್ದಾಗ," ಅಂದ.

ಅವನೇ ಎದ್ದು ನನ್ನ ಸೈಕಲ್ಲನ್ನೂ ಎತ್ತಿ ನಿಲ್ಲಿಸಿ, "ನಾಳೆ ಡಬ್ಬಿ ಬರ್ತಾವ ಬಿಡು," ಎಂದ.

ಶರ್ಯತ್ತಿನ ದಿನ ರಸ್ತೆಯಲ್ಲಿ ಡಬ್ಬಿ ಬಿಡುವುದಿಲ್ಲ ಎಂದೆ. ಅದು ಅವನಿಗೂ ಗೊತ್ತಿತ್ತು. ಸೈಕಲ್ಲು ನೂಕಿಕೊಂಡು ಊರಿಗೆ ನಡೆದೆವು. ಹಿಂದಿನಿಂದ ಬಂದ ಸಂಜೆಯ ಬಸ್ಸು ನಮ್ಮನ್ನು ದಾಟಿಕೊಂಡು ಹೋಯಿತು.

ಅವತ್ತು ನಾನು ಊಟ ಮಾಡದೆ ಮಲಗಿದೆ. ನಿದ್ದೆ ಬರಲಿಲ್ಲ. ಯಾವ ಚೀಟಿ ಎತ್ತಬೇಕು ಎಂಬುದು ಸ್ಪಷ್ಟವಿತ್ತು, ನನಗೆ ಬೇಡವಾದದ್ದು ಅದರ ವಿಷಯ. ನನ್ನ ಜೋಡಿ ಕಾಯಿಲೆಯವನನ್ನು ಬಿಟ್ಟು ಬೇರೊಬ್ಬನನ್ನು ಕಟ್ಟಿಕೊಳ್ಳಬೇಕು. ಪರವಾಗಿ ಮಾತಾಡುವವನು ನಾನು. ಪಾಲಬಾವಿಯಲ್ಲಿ ಒಬ್ಬ ಹುಡುಗನಿದ್ದ. ಅವನ ಜೋಡಿ ಮಿಲಿಟರಿಗೆ ಸೇರಿ ಹೋಗಿದ್ದರಿಂದ ಆ ವರ್ಷ ಒಂಟಿಯಾಗಿ ಉಳಿದಿದ್ದ. ಎತ್ತು ಕುಂಟಿದರೆ ಹಿಂದಿನ ದಿನದವರೆಗೆ ಬದಲಿ ಎತ್ತು ಕಟ್ಟಬಹುದು ಎಂಬ ನಿಯಮ ಕಮಿಟಿಯಲ್ಲಿತ್ತು. ಸೈಕಲ್ಲಿಗೂ ಅದು ಅನ್ವಯಿಸುತ್ತದೆಯೇ ಎಂದು ಮರುದಿನ ಕಾಕಾನನ್ನು ಕೇಳಿದಾಗ ಅವನು ನನ್ನ ಮೂಗು ನೋಡಲಿಲ್ಲ, ಮುಖ ನೋಡಿದ. ಆಗುತ್ತದೆ ಎಂದ.

ಜೋಡಿಯ ಮನೆಗೆ ಹೋದಾಗ ಅವನು ಎಮ್ಮೆಯ ಕೆಳಗೆ ಕೂತು ಹಾಲು ಹಿಂಡುತ್ತಿದ್ದ. ಅವನ ಅವ್ವ ಇನ್ನೊಂದು ಎಮ್ಮೆಗೆ ಹಿಂಡಿ ಕಲಸುತ್ತಿದ್ದಳು. ನಾನು ಕೊಟ್ಟಿಗೆಯ ಕಂಬಕ್ಕೆ ಆನಿಕೊಂಡು ವಿಷಯ ಮಂಡಿಸಿದೆ. ಅವನು ಒಲ್ಲೆ ಎಂದ. ಯಾಕೆ ಎಂದೆ. ಪಾಲಬಾವಿಯವನು ಹಿಂದೆಯೇ ಇರುತ್ತಾನೆ, ಗಾಳಿಗೆ ಮುಂದೆ ಬರುವುದಿಲ್ಲ ಎಂದ. ನಾನೇನು ಮುಂದೆ ಬರುತ್ತಿದ್ದೆನೇ ಎಂದೆ. ಅವನ ಗಾಲಿ ನನಗೆ ರೂಢಿಯಿಲ್ಲ ಎಂದ. ಇನ್ನೂ ದಿನಗಳಿವೆ, ರೂಢಿ ಮಾಡಿಕೋ ಎಂದೆ. ಎರಡು ವರ್ಷ ಕೂಡಿ ಹೊಡೆದಿದ್ದೇವೆ, ಜನ ಏನಂದಾರು ಎಂದ. ಯಾವ ಜನ, ಹೆಸರು ಹೇಳು ಎಂದೆ. ಒಂದೊಂದು ಮಾತಿಗೂ ನಡುವೆ ಕೆಮ್ಮು. ಆದರೆ ಅವನು ನನ್ನ ಕೆಮ್ಮು ಮುಗಿಯುವವರೆಗೆ ಹಾಲು ಹಿಂಡುತ್ತಾ ಕಾಯುತ್ತಿದ್ದ. ಆ ಚಳಿಗಾಲದಲ್ಲಿ ಹಾಗೆ ಕಾದ ಎದುರಾಳಿ ಅವನೊಬ್ಬನೇ.

ಕೊನೆಗೆ ಅವನು ಹಾಲಿನ ಚರಿಗೆ ಕೆಳಗಿಟ್ಟು ನನ್ನ ಕಡೆ ತಿರುಗಿದ.

"ಆತು, ಗೆದ್ನಿ ಅಂತ ತಿಳಿ. ಹಾಸ್ಟೆಲ್ಲಿಗೆ ಹ್ವಾದ್ನಿ. ಈ ಹಾಲ ಯಾರ ಒಯ್ಯಾವ್ರು, ನಿಮ್ಮಪ್ಪ?"

ಅವನ ಅವ್ವ ಹಿಂಡಿ ಕಲಸುವುದನ್ನು ನಿಲ್ಲಿಸಿದಳು, ತಲೆ ಎತ್ತಲಿಲ್ಲ.

ಇಷ್ಟು ಹೊತ್ತು ಪಾಲಬಾವಿಯ ಹುಡುಗನ ಮೇಲೆ ನಡೆದ ಚರ್ಚೆಯಲ್ಲಿ ಪಾಲಬಾವಿಯ ಹುಡುಗ ಇರಲೇ ಇಲ್ಲ. ಹಿಂದೆ ನನ್ನ ಗಾಲಿ ಇಟ್ಟುಕೊಂಡು ಓಡಿದರೆ ನನ್ನ ಜೋಡಿ ಸೋಲುತ್ತಿದ್ದ, ಸೋತರೆ ಹೋಗುವ ಪ್ರಶ್ನೆಯಿಲ್ಲ, ಹಾಲು ಎಂದಿನಂತೆ ಅಂಕಲಿಗೆ ಹೋಗುತ್ತಿತ್ತು. ಯಾರ ತಪ್ಪೂ ಅಲ್ಲ, ಜೋಡಿಗೆ ಆರಾಮಿರಲಿಲ್ಲ, ಅಷ್ಟೇ. ಅವನು ಹಾಗೆ ಲೆಕ್ಕ ಹಾಕಿದ್ದ ಎಂದು ನಾನು ಹೇಳುವುದಿಲ್ಲ, ಅದಕ್ಕೆ ಪುರಾವೆಯಿಲ್ಲ. ಆದರೆ ಡಬ್ಬಿ ಬರುತ್ತವೆ ಬಿಡು ಎಂದು ಅವನು ಹೇಳಿದ ರೀತಿ ನೆನಪಾಯಿತು.

"ಅಪ್ಪ ಬರೂದು ಯಾವಾಗ?" ಅಂದೆ.

"ಮಳಿಗಾಲಕ್ಕ."

"ಅಲ್ಲೀಮಟಾ ನಾ ಒಯ್ತೀನಿ."

"ನೀ?" ಅವನು ನಕ್ಕ. "ಒಂದ ಕೊಡ ನೀರ ಹೊತ್ತ್ರ ಕುಂದರ್ತಿ. ನಿಮ್ಮವ್ವ ಹೇಳ್ಯಾಳ."

"ಒಯ್ತೀನಿ ಅಂದೆನಲ್ಲ. ಕೆಮ್ಮಕೋಂತ ಒಯ್ತೀನಿ."

ಅವನು ತನ್ನ ಅವ್ವನ ಕಡೆ ನೋಡಿದ. ಅವಳು ಕೈಗೆ ಹತ್ತಿದ ಹಿಂಡಿಯನ್ನು ಬುಟ್ಟಿಯ ಅಂಚಿಗೆ ಒರೆಸಿ, "ಹೋಗಾವ ಹೋಗಿ ಬಾರಲೇ," ಎಂದಳು. ಅಷ್ಟರಲ್ಲಿ ಮುಗಿಯಿತು. ಚರ್ಚೆ ಗೆದ್ದ ಮೇಲೆ ನನಗೆ ಕಂಬ ಬಿಟ್ಟು ನಿಲ್ಲಲು ಆಗಲಿಲ್ಲ. ಅಲ್ಲೇ ಗೋದಲಿಯ ಅಂಚಿಗೆ ಕೂತೆ. ಎಮ್ಮೆ ನನ್ನ ಭುಜ ಮೂಸಿ ನೋಡಿತು.

ಶರ್ಯತ್ತಿನ ದಿನ ಕಮಿಟಿಯವರು ನನ್ನ ಕೈಗೆ ಮೈಕು ಕೊಟ್ಟು ಜೀಪಿನಲ್ಲಿ ಕೂರಿಸಿದರು. ಮಾತು ಬಲ್ಲವನು ಎಂಬ ಕಾರಣಕ್ಕೆ. ಮಗ್ಗುಲಲ್ಲಿ ತರಬೇತುದಾರರು, ಬಿಳಿ ಟೋಪಿ, ಬಾಯಲ್ಲಿ ಏಲಕ್ಕಿ. ಜೀಪು ಮುಂದಿನ ಜೋಡಿಗಳ ಹಿಂದೆ ಹಿಂದೆ ಹೋಯಿತು. ಹೋಗುವ ದಾರಿಯುದ್ದಕ್ಕೂ ನಾನು ಊರಿನ ಹೆಸರು ಕೂಗಿದೆ, ಕೆಮ್ಮಿದೆ, ಮತ್ತೆ ಕೂಗಿದೆ. ಕೆಮ್ಮೂ ಮೈಕಿನಲ್ಲಿ ಹೋಗುತ್ತಿತ್ತು, ರಸ್ತೆಯ ಎರಡೂ ಬದಿಯ ಜನ ನಗುತ್ತಿದ್ದರು. ಅಂಕಲಿಯಲ್ಲಿ ತಿರುಗಿ ಮೂಡಗಾಳಿಗೆ ಎದುರಾದಾಗ ಗುಂಪು ಒಡೆಯಿತು. ಅಥಣಿಯ ಕಡೆಯ ಒಂದು ಜೋಡಿ ಮುಂದೆ ಹೋಯಿತು. ಅವರ ಹಿಂದೆ ನನ್ನ ಜೋಡಿ, ಅವನ ಗಾಲಿಗೆ ಪಾಲಬಾವಿಯವನು.

ನನ್ನ ಜೋಡಿ ಎಂದು ಈಗಲೂ ಬರೆಯುತ್ತೇನೆ. ಅವತ್ತು ಮೈಕಿನಲ್ಲೂ ಹಾಗೆಯೇ ಬಾಯಿಗೆ ಬಂದು ತಿದ್ದಿಕೊಂಡೆ.

ಅವನು ತಿರುಗಿ ನೋಡುತ್ತಿದ್ದ. ಪಾಲಬಾವಿಯವನು ಗೇಣು ದೂರದಲ್ಲಿ ಅಂಟಿಕೊಂಡೇ ಇದ್ದ, ಬಿರುಕು ಬೀಳಲಿಲ್ಲ, ನೋಡುವ ಅಗತ್ಯವಿರಲಿಲ್ಲ. ಆದರೂ ಒಂದಷ್ಟು ತುಳಿಯುವುದು, ಕಾಲು ಸಡಿಲ ಬಿಡುವುದು, ತಿರುಗಿ ನೋಡುವುದು. ಪ್ರತಿ ಸಲ ತಿರುಗಿದಾಗ ಮುಂದಿನ ಜೋಡಿ ಸ್ವಲ್ಪ ಸ್ವಲ್ಪ ದೂರವಾಗುತ್ತಿತ್ತು. ನನ್ನ ಎದೆಯ ಅಳತೆಗೆ ಕಲಿತ ಪಾಠ ಅದು. ಹಿಂದಿನಿಂದ ಮೂರನೆಯ ಜೋಡಿಯೊಂದು ಮೇಲೆ ಬರುತ್ತಿತ್ತು. ಮೊದಲೆರಡರಲ್ಲಿ ಉಳಿಯದಿದ್ದರೆ ಎಲ್ಲ ಮುಗಿದ ಹಾಗೆ.

ತರಬೇತುದಾರರು ಏಲಕ್ಕಿ ದವಡೆಗೆ ಸರಿಸಿ, "ಅಂವಾ ಯಾಕ ಹಿಂದ ನೋಡಾಕತ್ತಾನ?" ಅಂದರು.

ಇದು ಜೋಡಿ ಶರ್ಯತ್ತು, ಹಿಂದಿನ ಗಾಲಿ ದಾಟಿದರೇ ಲೆಕ್ಕ ಎಂದು ಅವರಿಗೆ ವಿವರಿಸಿದೆ. ಸುಳ್ಳಲ್ಲ. ಪೂರ್ತಿ ನಿಜವೂ ಅಲ್ಲ. ಆಮೇಲೆ ಮೈಕು ಬಾಯಿಗೆ ಹತ್ತಿರ ಹಿಡಿದು, ಎದೆಯಲ್ಲಿದ್ದಷ್ಟು ಉಸಿರು ಕೂಡಿಸಿ ಒಂದೇ ಮಾತು ಹೇಳಿದೆ.

"ಲೇ, ಹಿಂದ ನೋಡಬ್ಯಾಡ. ನಾ ಇಲ್ಲಿ ಜೀಪಿನ್ಯಾಗ ಅದೀನಿ."

ಜನಕ್ಕೆ ಅದೇನು ಅರ್ಥವಾಯಿತೋ ಗೊತ್ತಿಲ್ಲ. ಅವನು ತಲೆ ತಗ್ಗಿಸಿದ. ಆಮೇಲೆ ತಿರುಗಲಿಲ್ಲ. ಮುಂದಿನವರು ಸಿಗಲಿಲ್ಲ, ಅಷ್ಟು ದೂರ ಹೋಗಿಬಿಟ್ಟಿದ್ದರು. ಹಿಂದಿನವರೂ ಮುಟ್ಟಲಿಲ್ಲ. ಪಾಲಬಾವಿಯವನ ಗಾಲಿ ಎರಡನೆಯದಾಗಿ ಗೆರೆ ದಾಟಿತು. ನಾನು ಅದನ್ನು ಘೋಷಿಸುವಷ್ಟರಲ್ಲಿ ಕೆಮ್ಮು ಹಿಡಿದುಕೊಂಡಿತು. ಕಾಕಾ ಮೈಕು ಕಸಿದುಕೊಂಡು ತಾನೇ ಕೂಗಿದ, ಎತ್ತಿನ ಶರ್ಯತ್ತಿನಲ್ಲಿ ಕೂಗುವ ಹಾಗೆ.

ಇಬ್ಬರನ್ನೂ ಆರಿಸಿಕೊಂಡರು. ಹೊರಡುವ ದಿನ ನನ್ನ ಜೋಡಿ ತನ್ನ ಸೈಕಲ್ಲಿನ ಕ್ಯಾರಿಯರು, ಸ್ಟ್ಯಾಂಡು ಎಲ್ಲ ತಂದು ನಮ್ಮ ಅಂಗಳದಲ್ಲಿ ಕೂತು ನನ್ನ ಸೈಕಲ್ಲಿಗೆ ಕೂರಿಸಿದ. ಸೀಟು ಇಳಿಸಿದ. ಇದನ್ನು ಇನ್ನು ದಿನಾ ಬಿಚ್ಚುವುದು ಬೇಡ ಎಂದ. ಬಸ್ಸಿನಲ್ಲಿ ಕೂತ ಮೇಲೆ ಕಿಟಕಿಯಿಂದ ಕೈ ಬೀಸಿದನೇ ಎಂದು ಅವ್ವ ಕೇಳಿದಳು. ನಾನು ನೋಡಲಿಲ್ಲ, ಬಸ್ಸಿನ ಹೊಗೆಗೆ ಬಗ್ಗಿ ಕೆಮ್ಮುತ್ತಿದ್ದೆ.

ಮರುದಿನ ನಸುಕಿಗೆ ಅವನ ಅವ್ವ ಕ್ಯಾನು ಕಟ್ಟಿ ಕೊಟ್ಟಳು. ತುಂಬಿರದ ಕ್ಯಾನು ಅಲುಗಾಡಿದರೆ ಹಾಲು ಕಡೆದಂತಾಗಿ ಬೆಣ್ಣೆ ಗಂಟು ಕಟ್ಟುತ್ತದೆ, ಡೈರಿಯಲ್ಲಿ ತೆಗೆದುಕೊಳ್ಳುವುದಿಲ್ಲ, ಆದ್ದರಿಂದ ಜೋರು ಹೊಡೆಯಬಾರದು ಎಂದು ಹೇಳಿದಳು. ಸೈಕಲ್ಲಿನ ವೇಗಕ್ಕೆ ಬೆಣ್ಣೆ ಬರುತ್ತದೆ ಎಂಬುದನ್ನು ನಾನು ಪೂರ್ತಿ ನಂಬಿದ್ದೇನೆ ಎಂದಲ್ಲ. ಪರೀಕ್ಷೆ ಮಾಡಿ ನೋಡಬಹುದಿತ್ತು, ಆದರೆ ಹಾಲು ನನ್ನದಲ್ಲ.

ಹೀಗಾಗಿ ಡಾಕ್ಟರು, ಅವ್ವ, ಎತ್ತಿನ ಕಾಕಾ ಯಾರಿಂದಲೂ ಆಗದ ಕೆಲಸ ಎರಡು ಕ್ಯಾನುಗಳಿಂದ ಆಯಿತು. ನಾನು ಸಾವಕಾಶ ತುಳಿದೆ. ಉಸಿರು ತಪ್ಪುವ ಮೊದಲೇ ಹಾಲಿನ ಸದ್ದು ಕೇಳುತ್ತಿತ್ತು, ಕಾಲು ಸಡಿಲ ಬಿಡುತ್ತಿದ್ದೆ. ಅಂಕಲಿಯಲ್ಲಿ ಕ್ಯಾನು ಖಾಲಿ ಮಾಡಿ ಬರುವಾಗ ಮೂಡಗಾಳಿ. ಮೊದಲ ವಾರಗಳಲ್ಲಿ ಆ ಮೋರಿಯ ಹತ್ತಿರ ಇಳಿದು ಕೂರಲೇಬೇಕಾಗುತ್ತಿತ್ತು. ಖಾಲಿ ಡಬ್ಬಿಗಳು ಧೂಳೆಬ್ಬಿಸಿಕೊಂಡು ದಾಟುತ್ತಿದ್ದವು. ಒಮ್ಮೆ ಅದೇ ಮಾವಶಿ ಮೇಲಿನಿಂದ ಹಗ್ಗ ತೋರಿಸಿದಳು. ನಾನು ಕ್ಯಾನು ತೋರಿಸಿದೆ. ಅವಳು ಹಗ್ಗ ಒಳಗೆಳೆದುಕೊಂಡಳು.

ಹಂಗಾಮು ಮುಗಿದು ಡಬ್ಬಿಗಳು ನಿಂತವು. ಗಾಳಿ ತಿರುಗಿ ಬಿಸಿಯಾಯಿತು. ಒಂದು ಬೆಳಿಗ್ಗೆ ಮೋರಿ ದಾಟಿ ಊರು ಮುಟ್ಟಿದ ಮೇಲೆ, ಇವತ್ತು ಕೂರಲೇ ಇಲ್ಲವಲ್ಲ ಎಂದು ನೆನಪಾಯಿತು. ಅದನ್ನು ಹೇಳಬೇಕೆಂದು ಖಾಲಿ ಕ್ಯಾನು ಇಳಿಸುತ್ತಾ ಅವನ ಅವ್ವನ ಕಡೆ ತಿರುಗಿದೆ. ಅವಳು ಆಕಾಶ ನೋಡುತ್ತಿದ್ದಳು. ಮಳೆ ಇನ್ನೂ ದೂರವಿತ್ತು.

"ನಾಳಿಗೂ ಬರ್ತಿಯಲ್ಲಪಾ?" ಅಂದಳು.

ಬರುತ್ತೇನೆ ಎಂದೆ.